ಕಾರಿಗೆ ಗ್ಲೇಜ್ ಹಚ್ಚುವ ಮುನ್ನ: ಯಾವುದು ಕೊಳ್ಳಬೇಕು, ಹೇಗೆ ಹಚ್ಚಬೇಕು, ಎಲ್ಲಿ ಮೋಸ ಹೋಗಬಾರದು

ಬಸವಕಲ್ಯಾಣ/ಹುಮನಾಬಾದ್: ಕಪ್ಪು ಅಥವಾ ಗಾಢ ನೀಲಿ ಬಣ್ಣದ ಕಾರನ್ನು ತೊಳೆದು ಬಿಸಿಲಿಗೆ ನಿಲ್ಲಿಸಿದರೆ ಸಾಕು, ಬಾನೆಟ್ ಮೇಲೆ ಸೂರ್ಯನ ಬಿಂಬದ ಸುತ್ತ ಜೇಡರ ಬಲೆಯಂತೆ ಸಣ್ಣ ಸಣ್ಣ ಗೆರೆಗಳು ಎದ್ದು ಕಾಣುತ್ತವೆ. ಗಾಡಿ ತಗೊಂಡು ವರ್ಷ ಕಳೆದಿರುವುದಿಲ್ಲ, ಆಗಲೇ ಬಣ್ಣ ಮಂಕು. ಮನೆಯಲ್ಲಿ ಮದುವೆ ಇದೆ, ಆಯುಧ ಪೂಜೆ ಬಂತು, ಹುಮನಾಬಾದ್ ವೀರಭದ್ರೇಶ್ವರ ಜಾತ್ರೆ ಹತ್ತಿರ ಬಂತು ಎನ್ನುವಾಗ ‘ಏನರ ಹಚ್ಚಿ ಪಳಪಳ ಮಾಡ್ರಿ’ ಎಂದು ವಾಷಿಂಗ್ ಸೆಂಟರ್‌ನವರ ಮುಂದೆ ನಿಲ್ಲುವವರೇ ಹೆಚ್ಚು. ಆ ‘ಏನರ’ ಎನ್ನುವುದರಲ್ಲಿ ಈಗ ಗ್ಲೇಜ್ ಎಂಬ ಹೆಸರೂ ಸೇರಿಕೊಂಡಿದೆ.

ಗ್ಲೇಜ್ ಕೆಟ್ಟ ವಸ್ತುವಲ್ಲ. ಆದರೆ ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ತಿಳಿಯದೆ ಹಚ್ಚಿಸಿಕೊಂಡವರು ತಿಂಗಳೊಳಗೆ ‘ದುಡ್ಡು ನೀರಾಗ ಹೋಯ್ತು’ ಎನ್ನುತ್ತಾರೆ. ಗ್ಲೇಜ್ ಹಚ್ಚಿ ಮಿಂಚಿಸಿದ ಹಳೆ ಗಾಡಿಯನ್ನು ನೋಡಿ ಮರುಳಾದವರಿಗೆ ಆಗುವ ನಷ್ಟ ಅದಕ್ಕಿಂತ ದೊಡ್ಡದು.

ಗ್ಲೇಜ್ ಅಂದರೆ ಏನು?

ನಮ್ಮ ಭಾಗದ ಮನೆಗಳಲ್ಲಿ ಶಹಾಬಾದ್ ಫರಸಿ ಇರುತ್ತದೆ. ಒಣಗಿದಾಗ ಅದು ಬೂದಿ ಬಣ್ಣ, ಗೀರು ಗೀರು. ಅದೇ ಕಲ್ಲಿನ ಮೇಲೆ ಒಂದು ಚೊಂಬು ನೀರು ಚೆಲ್ಲಿದರೆ ಬಣ್ಣ ಗಾಢವಾಗುತ್ತದೆ, ಗೀರು ಮಾಯವಾಗುತ್ತವೆ. ಕಲ್ಲು ಬದಲಾಗಿಲ್ಲ. ಗೀರಿನೊಳಗೆ ನೀರು ತುಂಬಿಕೊಂಡು ಬೆಳಕು ಅಡ್ಡಾದಿಡ್ಡಿ ಚದುರುವುದು ನಿಂತಿದೆ, ಅಷ್ಟೇ. ನೀರು ಆರಿದ ಮೇಲೆ ಮತ್ತೆ ಹಳೆಯ ರೂಪ.

ಕಾರಿನ ಬಣ್ಣದ ಮೇಲೆ ಗ್ಲೇಜ್ ಮಾಡುವುದೂ ಇದನ್ನೇ. ಅದರಲ್ಲಿ ಎಣ್ಣೆಯ ಅಂಶ ಇರುತ್ತದೆ, ಗೀರು ತುಂಬುವ ಅತಿ ನುಣುಪಾದ ಪುಡಿ ಇರುತ್ತದೆ; ಹಲವು ಕಂಪನಿಗಳು ಕೆಯೊಲಿನ್ ಎಂಬ ಬಿಳಿ ಜೇಡಿಮಣ್ಣನ್ನು ಬಳಸುತ್ತವೆ. ಇವು ಕಣ್ಣಿಗೆ ಕಾಣುವ ಸಣ್ಣ ಗೆರೆಗಳ ಒಳಗೆ ಕುಳಿತು ಮೇಲ್ಮೈಯನ್ನು ಸಮ ಮಾಡಿದಂತೆ ತೋರಿಸುತ್ತವೆ. ಬಣ್ಣ ಒದ್ದೆಯಾದಂತೆ, ಆಳವಾಗಿ ಕಾಣುತ್ತದೆ. ತುಂಬಿದ ವಸ್ತು ತೊಳೆದುಹೋದಾಗ ಗೆರೆಗಳು ಇದ್ದಲ್ಲಿಯೇ ಇರುತ್ತವೆ.

ಪಾಲಿಶ್, ವ್ಯಾಕ್ಸ್‌ಗಳ ಕೆಲಸ ಬೇರೆ. ಪಾಲಿಶ್ ಅಥವಾ ಕಂಪೌಂಡ್ ಬಣ್ಣದ ಮೇಲಿನ ಪದರವನ್ನು ಕೂದಲೆಳೆಗಿಂತ ತೆಳುವಾಗಿ ಉಜ್ಜಿ ತೆಗೆಯುತ್ತದೆ. ಅಲ್ಲಿ ಗೆರೆ ನಿಜವಾಗಿಯೂ ಹೋಗುತ್ತದೆ. ವ್ಯಾಕ್ಸ್ ಮೇಲೆ ಒಂದು ಪದರ ಕಟ್ಟಿ ನೀರು, ಧೂಳಿನಿಂದ ತಕ್ಕಮಟ್ಟಿಗೆ ಕಾಯುತ್ತದೆ. ಗ್ಲೇಜ್ ಇವೆರಡರ ನಡುವಿನದು. ಉಜ್ಜಿ ತೆಗೆಯುವುದೂ ಇಲ್ಲ, ಕಾಯುವುದೂ ಇಲ್ಲ. ಅಂದ ಹೆಚ್ಚಿಸುತ್ತದೆ.

ಅಂಗಡಿಯಲ್ಲಿ ಹೆಸರಿನ ಗೊಂದಲ

‘ಅಣ್ಣಾ, ಗ್ಲೇಜ್ ಕೊಡ್ರಿ’ ಎಂದರೆ ಅಂಗಡಿಯವರು ಮೂರು ಬೇರೆ ಬೇರೆ ವಸ್ತುಗಳಲ್ಲಿ ಯಾವುದನ್ನಾದರೂ ಕೈಗಿಡಬಹುದು. ಪೇಂಟ್ ಅಂಗಡಿಯಾದರೆ ಗ್ಲೇಜಿಂಗ್ ಪುಟ್ಟಿ ಬರುವ ಸಾಧ್ಯತೆ ಇದೆ. ಅದು ಬಣ್ಣ ಹೊಡೆಯುವ ಮೊದಲು ಸಣ್ಣ ತೂತು ಮುಚ್ಚುವ ಪುಟ್ಟಿ. ಒಣಗಿದ ಮೇಲೆ ಉಜ್ಜಿ, ಮೇಲೆ ಬಣ್ಣ ಹೊಡೆಯಲೇಬೇಕು. ತಯಾರಾದ ಬಣ್ಣದ ಮೇಲೆ ಅದನ್ನು ಹಚ್ಚಿದರೆ ಗಾಡಿ ಮತ್ತೆ ಪೇಂಟರ್ ಕಡೆಗೇ ಹೋಗಬೇಕು. ಬಿಡಿಭಾಗಗಳ ಅಂಗಡಿಯಾದರೆ ರಬ್ಬಿಂಗ್ ಕಂಪೌಂಡ್ ಕೊಡಬಹುದು. ಅದರಲ್ಲಿ ಉಜ್ಜುವ ಕಣ ಇರುತ್ತದೆ. ಅರಿವೆಗೆ ತಗೊಂಡು ಜೋರಾಗಿ ತಿಕ್ಕಿದರೆ ಹೊಳಪಿನ ಪದರವೇ ಸವೆಯುತ್ತದೆ. ಮೂರನೆಯದು ಸಾದಾ ವ್ಯಾಕ್ಸ್ ಪಾಲಿಶ್. ಅದರಿಂದ ತೊಂದರೆ ಇಲ್ಲ, ಆದರೆ ಗ್ಲೇಜ್‌ನ ಪರಿಣಾಮವೂ ಸಿಗುವುದಿಲ್ಲ.

ಹೀಗಾಗಿ ಹೆಸರು ಕೇಳುವುದಕ್ಕಿಂತ ಬಾಟಲಿ ತಿರುಗಿಸಿ ಓದುವುದು ಲೇಸು. ಅದರ ಮೇಲೆ ಗೀರು ಮರೆಮಾಡುತ್ತದೆ, ಹೊಳಪು ಹೆಚ್ಚಿಸುತ್ತದೆ, ಉಜ್ಜುವ ಕಣ ಇಲ್ಲ ಎಂಬ ಅರ್ಥದ ಮಾತಿದ್ದರೆ ಅದು ಗ್ಲೇಜ್. ಕಟ್, ಕಂಪೌಂಡ್, ಹೆವಿ ಎಂಬ ಪದಗಳಿದ್ದರೆ ವಾಪಸ್ ಕೊಡಬೇಕು.

ಯಾವ ಗಾಡಿಗೆ ಉಪಯೋಗ, ಯಾವುದಕ್ಕೆ ದಂಡ

ಬಿಳಿ ಕಾರಿಗೆ ಗ್ಲೇಜ್ ಹಚ್ಚುವುದು ಹೆಚ್ಚುಕಡಿಮೆ ದಂಡ. ಬಿಳಿ ಬಣ್ಣದ ಮೇಲೆ ಸಣ್ಣ ಗೆರೆ ಮೊದಲೇ ಕಾಣುವುದಿಲ್ಲ, ಕಾಣದ್ದನ್ನು ಮುಚ್ಚಿ ಏನು ಪ್ರಯೋಜನ? ಜಿಲ್ಲೆಯಲ್ಲಿ ಬಾಡಿಗೆಗೆ ಓಡುವ ಗಾಡಿಗಳಲ್ಲಿ ಬಿಳಿಯವೇ ಹೆಚ್ಚು. ಅವುಗಳ ಮಾಲೀಕರು ಗ್ಲೇಜ್ ದುಡ್ಡನ್ನು ಒಳ್ಳೆಯ ವ್ಯಾಕ್ಸ್‌ಗೆ ಹಾಕುವುದು ಜಾಣತನ. ಬಿಳಿ ಗಾಡಿಯ ಅಂದ ಕೆಡುವುದು ಗೀರಿನಿಂದಲ್ಲ, ಡಾಂಬರಿನ ಚುಕ್ಕೆ, ಬ್ರೇಕ್‌ನಿಂದ ಹಾರುವ ಕಬ್ಬಿಣದ ಪುಡಿ, ನೀರಿನ ಕಲೆಯಿಂದ. ಅವನ್ನು ಕ್ಲೇ ಬಾರ್ ಎಂಬ ಮೆತ್ತನೆಯ ಮಣ್ಣಿನ ಉಂಡೆಯಿಂದ ತೆಗೆಯಬೇಕು.

ಕಪ್ಪು, ಗಾಢ ನೀಲಿ, ಕೆಂಪು, ಕಡು ಕಂದು ಬಣ್ಣದ ಗಾಡಿಗಳಲ್ಲಿ ಮಾತ್ರ ಗ್ಲೇಜ್ ಕಣ್ಣಿಗೆ ಹೊಡೆಯುವಂತೆ ಕೆಲಸ ಮಾಡುತ್ತದೆ. ಸಿಲ್ವರ್, ಗ್ರೇ ಮೆಟಾಲಿಕ್ ಬಣ್ಣಗಳಲ್ಲಿ ಸುಮಾರು. ಮ್ಯಾಟ್ ಬಣ್ಣಕ್ಕೆ ಬೇಡವೇ ಬೇಡ. ಅಲ್ಲಲ್ಲಿ ಹೊಳೆಯುವ ತೇಪೆ ಬಿದ್ದು ಹೋಗದು.

ಗೀರಿನ ಆಳ ನೋಡುವುದಕ್ಕೆ ಉಗುರು ಸಾಕು. ಗೀರಿಗೆ ಅಡ್ಡವಾಗಿ ಉಗುರನ್ನು ಹಗುರಾಗಿ ಎಳೆದಾಗ ತಡೆದರೆ ಅದು ಗ್ಲೇಜ್‌ಗೆ ಸಿಗುವ ಗೀರಲ್ಲ. ಬೈಕಿನ ಹ್ಯಾಂಡಲ್ ತಾಗಿದ್ದು, ಸಂತೆಯಲ್ಲಿ ಎತ್ತಿನ ಕೋಡು ತಾಗಿದ್ದು, ಹುಡುಗರು ಕಲ್ಲಿನಿಂದ ಗೀಚಿದ್ದು, ಇವೆಲ್ಲ ಆ ಜಾತಿಗೆ ಸೇರಿದವು. ಕಂಪನಿಯಿಂದ ಬಂದ ಕಾರಿನ ಎಲ್ಲ ಪದರ ಸೇರಿ ಬಣ್ಣದ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್‌ನ ಆಸುಪಾಸು. ಅದರಲ್ಲಿ ಎಲ್ಲಕ್ಕಿಂತ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, 40–50 ಮೈಕ್ರಾನ್ ಅಷ್ಟೇ. ಮನುಷ್ಯನ ತಲೆಗೂದಲು ಇದಕ್ಕಿಂತ ದಪ್ಪ. ಪ್ರತಿ ಸಲ ಮಷಿನ್ ಹಚ್ಚಿ ಕಂಪೌಂಡ್ ಮಾಡಿದಾಗ ಇದರಲ್ಲಿ ಕೆಲವು ಮೈಕ್ರಾನ್ ಹೋಗುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ. ಗ್ಲೇಜ್‌ನ ನಿಜವಾದ ಉಪಯೋಗ ಇರುವುದು ಇಲ್ಲಿ: ಸಣ್ಣ ಗೆರೆಗೆಲ್ಲ ಹಬ್ಬಕ್ಕೊಮ್ಮೆ ಮಷಿನ್ ಉಜ್ಜಿಸಿ ಕ್ಲಿಯರ್ ಕೋಟ್ ಕಳಕೊಳ್ಳುವ ಬದಲು, ಬೇಕಾದಾಗ ಗ್ಲೇಜ್ ಹಚ್ಚಿ ಕೆಲಸ ಸಾಗಿಸಬಹುದು. ಬಣ್ಣ ತೆಳುವಾಗಿರುವ ಹಳೆ ಗಾಡಿಗಳಿಗಂತೂ ಇದೇ ಸುರಕ್ಷಿತ ದಾರಿ.

ಗೆರೆ ಬಿದ್ದದ್ದಾದರೂ ಎಲ್ಲಿಂದ?

ಬಹುಪಾಲು ಗೆರೆಗಳನ್ನು ಮಾಲೀಕರೇ ಹಾಕಿರುತ್ತಾರೆ. ಬೆಳಿಗ್ಗೆ ಎದ್ದು ಒಣ ಅರಿವೆಯಿಂದ ಗಾಡಿ ಒರೆಸುವುದು ನಮ್ಮಲ್ಲಿ ರೂಢಿ. ಹಳೆ ಧೋತರದ ತುಂಡು, ಬನಿಯನ್, ಕೆಲವೊಮ್ಮೆ ಗೋಣಿಚೀಲ. ಜಿಲ್ಲೆಯಲ್ಲಿ ಕೆಂಪು ಜಂಬಿಟ್ಟಿಗೆ ಮಣ್ಣೂ ಇದೆ, ಕಪ್ಪು ಎರೆಮಣ್ಣೂ ಇದೆ. ಜತೆಗೆ ಕ್ರಷರ್ ಪುಡಿ, ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಹಗಲಿರುಳು ಓಡುವ ಲಾರಿಗಳು ಎಬ್ಬಿಸುವ ಧೂಳು, ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಟೈರಿನಿಂದ ಉದುರುವ ಹೆಂಟೆ. ಈ ಧೂಳಿನಲ್ಲಿ ಕಲ್ಲಿನ ಕಣ ಇರುತ್ತದೆ. ಒಣ ಅರಿವೆ ಅದನ್ನು ಹಿಡಿದುಕೊಂಡು ಬಣ್ಣದ ಮೇಲೆ ಎಳೆದಾಗ ಅದು ಮರಳು ಕಾಗದವೇ. ಗ್ಲೇಜ್ ಹಚ್ಚಿಸಿದ ಮರುದಿನವೇ ಒಣ ಅರಿವೆ ಹಿಡಿದರೆ ಮಾಡಿದ್ದೆಲ್ಲ ಮೂರು ದಿನದಲ್ಲಿ ಮುಗಿಯಿತು.

ಲಾರಿ ಕ್ಲೀನರ್‌ಗಳಿಂದ ಬಂದ ಇನ್ನೊಂದು ಚಟ, ಡೀಸೆಲ್ ಅಥವಾ ಸೀಮೆಎಣ್ಣೆ ಒರೆಸುವುದು. ಗಳಿಗೆ ಮಟ್ಟಿಗೆ ಮಿಂಚುತ್ತದೆ, ಖರೆ. ಆದರೆ ಸಂಜೆಯೊಳಗೆ ಅಷ್ಟೂ ಧೂಳನ್ನು ಎಳೆದುಕೊಳ್ಳುತ್ತದೆ, ರಬ್ಬರ್ ಬೀಡಿಂಗ್ ಕೂಡ ಕೆಡುತ್ತದೆ.

ಆಯ್ಕೆ ಮಾಡುವಾಗ

ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿ ಸಿಗುವ ಗ್ಲೇಜ್‌ಗಳನ್ನು ಸ್ಥೂಲವಾಗಿ ಮೂರು ಗುಂಪು ಮಾಡಬಹುದು.

ಹಳೆಯ ಪದ್ಧತಿಯ ಎಣ್ಣೆ ಗ್ಲೇಜ್ ಮೊದಲನೆಯದು. ಅಮೆರಿಕದ ಮೆಗ್ವಾಯರ್ಸ್ ಕಂಪನಿಯ 7ನೇ ನಂಬರಿನ ಶೋ ಕಾರ್ ಗ್ಲೇಜ್ ಈ ಜಾತಿಯದು. 1901ರಲ್ಲಿ ಪೀಠೋಪಕರಣದ ಪಾಲಿಶ್ ಮಾಡುತ್ತ ಶುರುವಾದ ಕಂಪನಿ ಅದು, 2008ರಲ್ಲಿ 3ಎಂ ಅದನ್ನು ಕೊಂಡುಕೊಂಡಿತು. ಇಂಥ ಗ್ಲೇಜ್ ಗಾಢ ಬಣ್ಣಕ್ಕೆ ಭಾಳ ಛಲೋ ಹೊಳಪು ಕೊಡುತ್ತದೆ, ಆದರೆ ಬೇಗ ತೊಳೆದುಹೋಗುತ್ತದೆ. ಹಳೆಯ ಸಿಂಗಲ್ ಸ್ಟೇಜ್ ಬಣ್ಣ, ಅಂದರೆ ಮೇಲೆ ಕ್ಲಿಯರ್ ಕೋಟ್ ಇಲ್ಲದೆ ಬಣ್ಣವೇ ಹೊಳೆಯುವಂಥದು, ಒಣಗಿ ಮಂಕಾಗಿದ್ದರೆ ಅದಕ್ಕೆ ಈ ಎಣ್ಣೆ ಗ್ಲೇಜ್ ಜೀವ ತುಂಬುತ್ತದೆ. ಹಳೆಯ ಅಂಬಾಸಿಡರ್, ಪದ್ಮಿನಿ, ಜೀಪು ಇಟ್ಟುಕೊಂಡವರು ನೆನಪಿಡಬೇಕಾದ ಮಾತಿದು. ತಮ್ಮ ಗಾಡಿಯದು ಸಿಂಗಲ್ ಸ್ಟೇಜ್ ಹೌದೋ ಅಲ್ಲವೋ ಎಂದು ತಿಳಿಯಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಸ್ವಲ್ಪ ಪಾಲಿಶ್ ಹಾಕಿ ಬಿಳಿ ಅರಿವೆಯಿಂದ ತಿಕ್ಕಬೇಕು. ಅರಿವೆಗೆ ಗಾಡಿಯ ಬಣ್ಣ ಹತ್ತಿದರೆ ಸಿಂಗಲ್ ಸ್ಟೇಜ್.

ಎರಡನೆಯದು ಪಾಲಿಮರ್ ಅಥವಾ ಅಕ್ರಿಲಿಕ್ ಗ್ಲೇಜ್. ಹೊಳಪು ತುಸು ಗಾಜಿನಂತೆ, ಬಾಳಿಕೆ ಸ್ವಲ್ಪ ಹೆಚ್ಚು. ಮೇಲೆ ಸೀಲೆಂಟ್ ಹಾಕುವ ವಿಚಾರ ಇದ್ದರೆ ಇದನ್ನೇ ತಗೊಳ್ಳಬೇಕು, ಏಕೆಂದರೆ ಎಣ್ಣೆ ಗ್ಲೇಜ್ ಮೇಲೆ ಸೀಲೆಂಟ್ ಹಿಡಿಯುವುದಿಲ್ಲ.

ಮೂರನೆಯದು ‘ಎಲ್ಲ ಒಂದರಲ್ಲೇ’ ಎಂದು ಮಾರುವ ಬಾಟಲಿ: ಸ್ವಲ್ಪ ಕ್ಲೀನರ್, ಸ್ವಲ್ಪ ಗ್ಲೇಜ್, ಸ್ವಲ್ಪ ವ್ಯಾಕ್ಸ್. ಪರಿಣತರು ಮೂಗು ಮುರಿಯಬಹುದು. ಆದರೆ ವರ್ಷಕ್ಕೆ ಎರಡು ಸಲ, ಅದೂ ಮನೆಯಂಗಳದಲ್ಲಿ, ಎರಡು ತಾಸಿನಲ್ಲಿ ಮುಗಿಸಬೇಕು ಎನ್ನುವ ಸಾಮಾನ್ಯ ಮಾಲೀಕನಿಗೆ ಇದೇ ಅನುಕೂಲ. ಒಂದೇ ಎಚ್ಚರ: ಅದರಲ್ಲಿ ಉಜ್ಜುವ ಕಣ ಇರುತ್ತದೆ, ತಿಂಗಳಿಗೊಮ್ಮೆ ಬಳಸುವ ವಸ್ತು ಅದಲ್ಲ.

ಕಪ್ಪು ಗಾಡಿಗೆ ಕಪ್ಪು ಗ್ಲೇಜ್, ಬಿಳಿ ಗಾಡಿಗೆ ಬಿಳಿ ಗ್ಲೇಜ್ ಎಂದು ಬೇರೆ ಬೇರೆಯಾಗಿಯೂ ಮಾರುತ್ತಾರೆ. ಗಾಢ ಬಣ್ಣಕ್ಕೆಂದು ಮಾಡಿದ್ದು ಕಪ್ಪು ಗಾಡಿಗೆ ಹೊಂದುತ್ತದೆ. ಬಿಳಿ ಗಾಡಿಯ ವಿಷಯ ಮೇಲೆ ಹೇಳಿದ್ದೇ.

ಹೊಸ ಬಣ್ಣ ಹೊಡೆಸಿದ ಗಾಡಿ

ಲಾರಿ ರಿಪೇರಿ, ಬಾಡಿ ಕಟ್ಟುವ ಕೆಲಸಕ್ಕೆ ಹೆಸರಾದ ಬಸವಕಲ್ಯಾಣದಲ್ಲಿ ಈ ಪ್ರಶ್ನೆ ದಿನವೂ ಏಳುವಂಥದು. ಆಟೊನಗರದಲ್ಲಿ ಡೆಂಟಿಂಗ್, ಪೇಂಟಿಂಗ್ ಮುಗಿಸಿ ಗಾಡಿ ಹೊರಗೆ ಬಂದ ಕೂಡಲೇ ಮೇಲೆ ವ್ಯಾಕ್ಸ್ ಹಚ್ಚಿಬಿಡುವ ಆತುರ ಹಲವರಿಗೆ. ಬಣ್ಣ ಕೈಗೆ ಹತ್ತದಷ್ಟು ಒಣಗುವುದು ಬೇರೆ, ಪೂರ್ತಿ ಗಟ್ಟಿಯಾಗುವುದು ಬೇರೆ. ದೊಡ್ಡ ಕಂಪನಿ ವರ್ಕ್‌ಶಾಪ್‌ಗಳಲ್ಲಿ ಬಣ್ಣ ಹೊಡೆದ ಗಾಡಿಯನ್ನು ಬೂತ್‌ನಲ್ಲಿಟ್ಟು ಸುಮಾರು 60 ಡಿಗ್ರಿ ಶಾಖದಲ್ಲಿ ಬೇಯಿಸುತ್ತಾರೆ. ಅಂಗಳದಲ್ಲಿ, ಶೆಡ್ಡಿನಲ್ಲಿ ಹೊಡೆದ ಬಣ್ಣ ಗಾಳಿಗೇ ಒಣಗಬೇಕು. ಅದರೊಳಗಿನ ಥಿನ್ನರ್ ಹೊರಗೆ ಹೋಗಲು ವಾರಗಳು ಬೇಕು. ಅಷ್ಟರೊಳಗೆ ವ್ಯಾಕ್ಸ್, ಸೀಲೆಂಟ್, ಕೋಟಿಂಗ್ ಹಾಕಿ ಮುಚ್ಚಿದರೆ ಬಣ್ಣ ಮೆತ್ತಗೆ ಉಳಿಯುತ್ತದೆ, ಹೊಳಪು ಇಳಿಯುತ್ತದೆ. ಗಾಳಿಗೆ ಒಣಗಿದ ಬಣ್ಣಕ್ಕೆ 30ರಿಂದ 90 ದಿನ ವ್ಯಾಕ್ಸ್ ಬೇಡ ಎನ್ನುವುದು ಪೇಂಟ್ ಕಂಪನಿಗಳ ಸಾಮಾನ್ಯ ಸಲಹೆ.

ಆ ನಡುವಿನ ದಿನಗಳಿಗೆ ಇರುವುದೇ ಬಾಡಿ ಶಾಪ್ ಗ್ಲೇಜ್. ಅದರಲ್ಲಿ ವ್ಯಾಕ್ಸ್ ಇಲ್ಲ, ಸಿಲಿಕೋನ್ ಇಲ್ಲ, ಬಣ್ಣ ಉಸಿರಾಡುವುದನ್ನು ತಡೆಯುವುದಿಲ್ಲ. ಬಾಟಲಿ ಮೇಲೆ ಹೊಸ ಬಣ್ಣಕ್ಕೆ ಸುರಕ್ಷಿತ ಎಂದು ಬರೆದಿದ್ದರೆ ಮಾತ್ರ ಬಳಸಬೇಕು.

ಸಿಲಿಕೋನ್ ಮಾತು ಪೇಂಟರ್‌ಗಳಿಗೂ ಮುಖ್ಯ. ಸಿಲಿಕೋನ್ ಇರುವ ಗ್ಲೇಜ್ ಅಥವಾ ಟೈರ್ ಪಾಲಿಶನ್ನು ಬಣ್ಣ ಹೊಡೆಯುವ ಜಾಗದ ಪಕ್ಕದಲ್ಲಿ ಬಳಸಿದರೆ ಅದರ ಅಂಶ ಗಾಳಿಯಲ್ಲಿ, ಅರಿವೆಯಲ್ಲಿ, ಕೈಯಲ್ಲಿ ಸೇರಿ ಇನ್ನೊಂದು ಗಾಡಿಯ ಹಸಿ ಬಣ್ಣಕ್ಕೆ ತಾಗುತ್ತದೆ. ತಾಗಿದಲ್ಲಿ ಬಣ್ಣ ಕೂಡಿಕೊಳ್ಳದೆ ಮೀನಿನ ಕಣ್ಣಿನಂಥ ಗುಂಡಗಿನ ಕುಳಿ ಬೀಳುತ್ತದೆ. ಇದಕ್ಕೆ ಫಿಶ್ ಐ ಎನ್ನುತ್ತಾರೆ. ಮತ್ತೆ ಉಜ್ಜಿ, ಮತ್ತೆ ಹೊಡೆಯುವುದೇ ಗತಿ. ಹಿಂದೆ ಗ್ಲೇಜ್ ಹಚ್ಚಿದ ಗಾಡಿಯನ್ನು ಪೇಂಟಿಂಗ್‌ಗೆ ಬಿಡುವಾಗ ಆ ಮಾತನ್ನು ಪೇಂಟರ್‌ಗೆ ಹೇಳಿಬಿಡುವುದು ಇಬ್ಬರಿಗೂ ಒಳ್ಳೆಯದು.

ಹಚ್ಚುವ ಬಗೆ

ಹೊತ್ತು ಮೊದಲು ನೋಡಬೇಕು. ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿ ಪಾರಾ 40 ದಾಟುತ್ತದೆ, ಬಿಸಿಲಿಗೆ ನಿಂತ ಕಪ್ಪು ಗಾಡಿಯ ಬಾನೆಟ್ ಮೇಲೆ ಕೈ ಇಡಲಿಕ್ಕೂ ಆಗುವುದಿಲ್ಲ. ಅಂಥ ತಗಡಿನ ಮೇಲೆ ಗ್ಲೇಜ್ ಬಿದ್ದರೆ ಹರಡುವ ಮೊದಲೇ ಒಣಗಿ ಅಂಟಿಕೊಳ್ಳುತ್ತದೆ. ಬೆಳಿಗ್ಗೆ 6ರಿಂದ 9, ಇಲ್ಲವೇ ಇಳಿಹೊತ್ತಿನಲ್ಲಿ ನೆರಳಲ್ಲಿ ನಿಲ್ಲಿಸಿ, ಅಂಗೈ ಹಿಂಭಾಗ ಇಟ್ಟು ನೋಡಿದಾಗ ತಗಡು ತಣ್ಣಗಿರಬೇಕು. ಬೇವಿನ ಮರದ ಕೆಳಗೆ ಬೇಡ. ನೆರಳೇನೋ ತಂಪು, ಆದರೆ ಎಲೆ, ಹೂವು, ಹಕ್ಕಿಯ ಹಿಕ್ಕೆ ಎಲ್ಲ ಹಸಿ ಗ್ಲೇಜ್ ಮೇಲೆಯೇ ಬೀಳುತ್ತವೆ.

ತೊಳೆಯುವುದೇ ಅರ್ಧ ಕೆಲಸ. ಮೊದಲು ಬರೀ ನೀರು ಹೊಡೆದು ಮಣ್ಣು ಸಡಿಲಿಸಿ ಇಳಿಸಬೇಕು. ಮಣ್ಣಿರುವಾಗಲೇ ಸ್ಪಂಜ್ ತಾಗಿಸಬಾರದು. ಆಮೇಲೆ ಎರಡು ಬಕೇಟ್: ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಸಾದಾ ನೀರು. ಮೈಕ್ರೋಫೈಬರ್ ಕೈಚೀಲವನ್ನು ಒಂದು ಭಾಗ ತೊಳೆದಾದ ಕೂಡಲೇ ಸಾದಾ ನೀರಿನಲ್ಲಿ ಹಿಂಡಿ, ಮತ್ತೆ ಶಾಂಪೂಗೆ ಅದ್ದಬೇಕು. ಮೇಲಿನಿಂದ ಕೆಳಕ್ಕೆ. ಚಕ್ರದ ಪಕ್ಕದ ಕೆಳಭಾಗ ಕೊನೆಗೆ, ಸಾಧ್ಯವಾದರೆ ಬೇರೆ ಅರಿವೆಯಲ್ಲಿ. ಬಟ್ಟೆ ಸೋಪಿನ ಪುಡಿ, ಪಾತ್ರೆ ತೊಳೆಯುವ ಲಿಕ್ವಿಡ್ ದಿನಬಳಕೆಗೆ ಬೇಡ, ಇದ್ದ ವ್ಯಾಕ್ಸನ್ನೂ ಎಳೆದುಕೊಂಡು ಹೋಗುತ್ತವೆ.

ಬೋರ್ ನೀರಿನ ಕಾಟ ಬೇರೆಯೇ ಇದೆ. ಬಹಳ ಕಡೆ ನೀರು ಗಡುಸು. ಗಾಡಿಯ ಮೇಲೆ ತಾನೇ ಆರಲು ಬಿಟ್ಟರೆ ಸುಣ್ಣದಂಥ ಬಿಳಿ ಉಂಗುರ ಉಳಿಯುತ್ತದೆ. ಗ್ಲೇಜ್ ಆ ಉಂಗುರವನ್ನು ತೆಗೆಯುವುದಿಲ್ಲ. ಅದರ ಮೇಲೆ ಹಚ್ಚಿದರೆ ಉಂಗುರ ಒಳಗೆ ಸೇರಿ ಹೊಳೆಯುತ್ತದೆ, ಅಷ್ಟೇ ವ್ಯತ್ಯಾಸ. ತಾಜಾ ಕಲೆಯಾದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಅರಿವೆ ಅದ್ದಿ ಒಂದು ನಿಮಿಷ ಇಟ್ಟು ತೆಗೆದು, ಕೂಡಲೇ ನೀರಿನಿಂದ ತೊಳೆದರೆ ಹೋಗುತ್ತದೆ. ಬಿಸಿಲಿಗೆ ಬೆಂದು ಬಣ್ಣವನ್ನು ತಿಂದ ಕಲೆಗೆ ಪಾಲಿಶ್ ಬೇಕು. ಮಳೆ ನೀರು ಹಿಡಿದಿಟ್ಟವರು, ಮನೆಯಲ್ಲಿ ಆರ್‌ಒ ಫಿಲ್ಟರ್ ಇದ್ದವರು ಕೊನೆಯ ಒಂದು ಬಕೇಟ್‌ಗೆ ಅದರ ಶುದ್ಧ ನೀರು ಬಳಸಬಹುದು. ಆರ್‌ಒದಿಂದ ಹೊರಹೋಗುವ ಪೈಪಿನ ನೀರು ಮಾತ್ರ ಬೇಡ, ಅದು ಬೋರ್ ನೀರಿಗಿಂತ ಗಡುಸು.

ತೊಳೆದು ಒರೆಸಿದ ಮೇಲೆ ಬೆರಳಿಗೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಮೇಲೆ ಸವರಬೇಕು. ಮರಳು ಮರಳು ಎನಿಸಿದರೆ ಕ್ಲೇ ಬಾರ್ ಆಗಬೇಕು. ನುಣುಪಾಗಿದ್ದರೆ ಮುಂದಿನ ಕೆಲಸ. ಕಪ್ಪು ಪ್ಲಾಸ್ಟಿಕ್ ಪಟ್ಟಿ, ರಬ್ಬರ್ ಅಂಚುಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿದರೆ ಆಮೇಲೆ ಹಲ್ಲುಜ್ಜುವ ಬ್ರಶ್ ಹಿಡಿದು ಬಿಳಿ ಕಲೆ ಕೆರೆಯುವ ಪಾಡು ತಪ್ಪುತ್ತದೆ.

ಗ್ಲೇಜ್ ಹಚ್ಚಲು ಮಷಿನ್ ಬೇಕಾಗಿಲ್ಲ. ಮೆತ್ತನೆಯ ಫೋಮ್ ಪ್ಯಾಡ್, ಕೈ ಸಾಕು. ಬಾಟಲಿ ಚೆನ್ನಾಗಿ ಅಲುಗಿಸಿ ಪ್ಯಾಡ್ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಹಾಕಿಕೊಂಡು, ಎರಡಡಿ ಉದ್ದ ಎರಡಡಿ ಅಗಲದ ಜಾಗಕ್ಕೆ ಹರಡಬೇಕು. ಮೊದಲು ಅಡ್ಡ, ಆಮೇಲೆ ಉದ್ದ, ಒತ್ತಡ ಹಗುರ. ಪದರ ಎಷ್ಟು ತೆಳುವೋ ಅಷ್ಟು ಒಳ್ಳೆಯದು. ಹೆಚ್ಚು ಹಚ್ಚಿದರೆ ಹೆಚ್ಚು ಹೊಳಪು ಬರುವುದಿಲ್ಲ, ಒರೆಸಲು ಕೈ ನೋಯುತ್ತದೆ. ಮುಂದೆ ಬಾಟಲಿಯ ಮಾತು ಕೇಳಬೇಕು: ಕೆಲವನ್ನು ಹಸಿ ಇರುವಾಗಲೇ ಒರೆಸಬೇಕು, ಕೆಲವನ್ನು ಮಂಜು ಕಟ್ಟಿದಂತೆ ಆರುವವರೆಗೆ ಬಿಡಬೇಕು. ಎಣ್ಣೆ ಹೆಚ್ಚಿರುವ ಹಳೆಯ ಬಗೆಯವು ಸಾಮಾನ್ಯವಾಗಿ ಮೊದಲ ಗುಂಪಿನವು, ಒಣಗಿಸಿದರೆ ಅಂಟಂಟು. ಶುದ್ಧವಾದ ಮೈಕ್ರೋಫೈಬರ್ ಅರಿವೆಯನ್ನು ನಾಲ್ಕು ಮಡಿಕೆ ಮಾಡಿ, ಒಂದು ಮಗ್ಗುಲು ತುಂಬಿದ ಕೂಡಲೇ ಇನ್ನೊಂದು ಮಗ್ಗುಲು ತಿರುಗಿಸಿ ಒರೆಸಬೇಕು. ನೆಲಕ್ಕೆ ಬಿದ್ದ ಅರಿವೆ ಮತ್ತೆ ಗಾಡಿಗೆ ಬೇಡ, ಎಷ್ಟೇ ಜಾಡಿಸಿದರೂ.

ಪೂರ್ತಿ ಗಾಡಿ ಶುರು ಮಾಡುವ ಮುಂಚೆ ಡಿಕ್ಕಿ ಬಾಗಿಲಿನ ಒಂದು ಮೂಲೆಗೆ ಹಚ್ಚಿ, ಮೊಬೈಲ್ ಟಾರ್ಚ್ ಹಿಡಿದು ನೋಡುವುದು ಒಳ್ಳೆಯದು. ಅಲ್ಲಿಯೇ ವ್ಯತ್ಯಾಸ ಕಾಣದಿದ್ದರೆ ಉಳಿದ ಕಡೆಯೂ ಕಾಣುವುದಿಲ್ಲ.

ಮೇಲೆ ವ್ಯಾಕ್ಸ್ ಇಲ್ಲದೆ ಉಳಿಯದು

ಗ್ಲೇಜ್ ಹಚ್ಚಿ ಹಾಗೇ ಬಿಟ್ಟರೆ ಎರಡು ಮೂರು ತೊಳೆತಕ್ಕೆ ಹೋಗುತ್ತದೆ, ಮಳೆಗಾಲದಲ್ಲಿ ಇನ್ನೂ ಬೇಗ. ಮೇಲೆ ಕಾರ್ನೂಬಾ ವ್ಯಾಕ್ಸ್ ಒಂದು ತೆಳು ಪದರ ಹಾಕಿದರೆ ಕೆಲವು ವಾರ ಹೆಚ್ಚು ನಿಲ್ಲುತ್ತದೆ. ಬ್ರೆಜಿಲ್‌ನ ಒಂದು ಜಾತಿಯ ತಾಳೆ ಎಲೆಯಿಂದ ತೆಗೆಯುವ ಮೇಣ ಅದು, ಕರಗುವುದು 80 ಡಿಗ್ರಿ ದಾಟಿದ ಮೇಲೆ. ಬಾಟಲಿಯಲ್ಲಿ ಬರುವಾಗ ಬೇರೆ ಎಣ್ಣೆ, ಮೆತ್ತನೆಯ ಮೇಣ ಬೆರೆತಿರುವುದರಿಂದ ನಮ್ಮ ಬೇಸಿಗೆಗೆ ಅದೂ ಬೇಗ ಸೋಲುತ್ತದೆ. ವ್ಯಾಕ್ಸ್ ಹಚ್ಚುವಾಗ ಒತ್ತಿ ತಿಕ್ಕಬಾರದು, ಕೆಳಗಿನ ಗ್ಲೇಜ್ ಎದ್ದುಬರುತ್ತದೆ.

ಸಿರಾಮಿಕ್ ಕೋಟಿಂಗ್ ಮಾಡಿಸುವ ಮನಸ್ಸಿದ್ದರೆ ಗ್ಲೇಜ್ ಮುಟ್ಟಲೇಬಾರದು. ಕೋಟಿಂಗ್ ನೇರವಾಗಿ ಬಣ್ಣಕ್ಕೆ ಅಂಟಬೇಕು; ನಡುವೆ ಎಣ್ಣೆ ಇದ್ದರೆ ಸಾವಿರಾರು ರೂಪಾಯಿಯ ಕೋಟಿಂಗ್ ತಿಂಗಳಲ್ಲಿ ಬಿಡುತ್ತದೆ. ಕಲಬುರಗಿ, ಸೊಲ್ಲಾಪುರ, ಹೈದರಾಬಾದ್‌ಗೆ ಕೋಟಿಂಗ್‌ಗೆಂದೇ ಗಾಡಿ ಒಯ್ಯುವವರು ‘ಹಚ್ಚೋ ಮುಂದ ಎಣ್ಣಿ ಅಂಶ ಪೂರಾ ತೆಗೀತೀರೇನ್ರಿ’ ಎಂದು ಮೊದಲೇ ಕೇಳಿಕೊಳ್ಳಬೇಕು. ಈಗಾಗಲೇ ಕೋಟಿಂಗ್ ಇರುವ ಗಾಡಿಗೆ ಗ್ಲೇಜ್ ಹಚ್ಚಿದರೆ ನೀರು ಉಂಡೆಯಾಗಿ ಉರುಳುವ ಗುಣ ಮುಚ್ಚಿಹೋಗುತ್ತದೆ.

ಬಫಿಂಗ್ ಮಾಡಿಸಿದವರ ದೂರು

‘ಮಷಿನ್ ಹಚ್ಚಿಸಿದ ದಿನ ಕನ್ನಡಿ ಆಗಿತ್ತು, ತಿಂಗಳಾದ ಮ್ಯಾಲ ಮೊದಲಿನಕಿಂತ ಹೊಲಸು’ ಎಂಬ ದೂರಿನ ಹಿಂದೆ ಹೆಚ್ಚಾಗಿ ಗ್ಲೇಜ್ ಇರುತ್ತದೆ. ಒಂದೇ ಕಡೆ ವೇಗವಾಗಿ ತಿರುಗುವ ರೋಟರಿ ಮಷಿನ್‌ಗೆ ಉಣ್ಣೆಯ ಪ್ಯಾಡ್ ಹಾಕಿ ಅವಸರದಲ್ಲಿ ಉಜ್ಜಿದರೆ ಬಣ್ಣದ ಮೇಲೆ ಬೀಸಣಿಗೆಯಂಥ ಗೆರೆ ಉಳಿಯುತ್ತವೆ. ಅವನ್ನು ಸಣ್ಣ ಪಾಲಿಶ್‌ನಿಂದ ನಿಧಾನ ತೆಗೆಯಬೇಕು, ತಾಸುಗಟ್ಟಲೆ ಕೆಲಸ. ಅದರ ಬದಲು ಮೇಲೆ ಗ್ಲೇಜ್ ಹಚ್ಚಿದರೆ ಹತ್ತು ನಿಮಿಷದಲ್ಲಿ ಮಾಯ. ನಾಲ್ಕು ಸಲ ತೊಳೆದಾಗ ಬೀಸಣಿಗೆ ಹೊರಗೆ. ಪಾಲಿಶ್ ಮಾಡಿಸಿದ ಗಾಡಿಯನ್ನು ವಾಪಸ್ ತಗೊಳ್ಳುವಾಗ ಒಂದು ತುಂಡು ಜಾಗವನ್ನು ಮುಂದೆಯೇ ಸ್ಪಿರಿಟ್‌ನಿಂದ ಒರೆಸಿ ತೋರಿಸಲು ಕೇಳಬಹುದು. ಕೆಲಸ ಸರಿ ಮಾಡಿದವರು ಬೇಡ ಎನ್ನುವುದಿಲ್ಲ.

ಹಳೆ ಗಾಡಿ ಕೊಳ್ಳುವವರಿಗೆ

ಇಲ್ಲಿ ಹಳೆ ಕಾರು ಕೊಳ್ಳುವವರು ಕೆಎ-38, ಕೆಎ-56 ನಂಬರಿನವನ್ನಷ್ಟೇ ನೋಡುವುದಿಲ್ಲ. ಹೈದರಾಬಾದ್, ಪುಣೆ ಕಡೆಯವನ್ನೂ ನೋಡುತ್ತಾರೆ. ದೂರದಿಂದ ಬಂದ ಗಾಡಿಯ ಇತಿಹಾಸ ಹೇಳುವವರು ಯಾರೂ ಇರುವುದಿಲ್ಲ, ಬಣ್ಣವೇ ಸಾಕ್ಷಿ. ಆ ಸಾಕ್ಷಿಯ ಮೇಲೆ ಗ್ಲೇಜ್ ಕೂತಿದ್ದರೆ?

ಸಂಜೆ ಹೊತ್ತು, ಟ್ಯೂಬ್‌ಲೈಟ್ ಕೆಳಗೆ ಗಾಡಿ ನೋಡಿ ಮುಂಗಡ ಕೊಡಬಾರದು. ಹಗಲಲ್ಲಿ, ನೇರ ಬಿಸಿಲಿಗೆ ನಿಲ್ಲಿಸಬೇಕು. ಲಾಂಛನದ ಅಕ್ಷರಗಳ ಸಂದಿ, ಬಾಗಿಲ ಹಿಡಿಕೆಯ ಕೆಳಗೆ, ರಬ್ಬರ್ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಇತ್ತೀಚೆಗೆ ಪಾಲಿಶ್ ಅಥವಾ ಗ್ಲೇಜ್ ಆಗಿದೆ ಎಂದರ್ಥ. ಅದೊಂದೇ ತಪ್ಪಲ್ಲ, ಮಾರುವವರು ಗಾಡಿ ಚೊಕ್ಕ ಮಾಡುವುದು ಸಹಜ. ಮಾಲೀಕರ ಒಪ್ಪಿಗೆ ಪಡೆದು, ಐಸೊಪ್ರೊಪೈಲ್ ಆಲ್ಕೋಹಾಲ್ 1 ಪಾಲಿಗೆ 6–7 ಪಾಲು ನೀರು ಬೆರೆಸಿ ಮೆತ್ತನೆಯ ಅರಿವೆಗೆ ಸಿಂಪಡಿಸಿ, ಬಾನೆಟ್‌ನ ಅಂಗೈಯಗಲ ಜಾಗ ಹಗುರಾಗಿ ಒರೆಸಬೇಕು. ಎಣ್ಣೆ ಎದ್ದು ಹೋಗಿ ಅಲ್ಲಷ್ಟೇ ಗೆರೆಗಳು ಕಂಡರೆ ಇಡೀ ಗಾಡಿಯ ನಿಜರೂಪ ಅದೇ. ಹೊಸದಾಗಿ ಬಣ್ಣ ಹೊಡೆದ ಗಾಡಿಗೆ ಈ ಪರೀಕ್ಷೆ ಬೇಡ, ಮೆತ್ತನೆಯ ಬಣ್ಣ ಕೆಡುತ್ತದೆ.

ಗೆರೆ ಇದ್ದರೆ ಗಾಡಿ ಬಿಡಬೇಕೆಂದೇನೂ ಇಲ್ಲ, ಬೆಲೆಯಲ್ಲಿ ಮಾತಾಡಬಹುದು. ನೋಡಬೇಕಾದ್ದು ಹೊಳಪಿನ ಹಿಂದೆ ಅಪಘಾತ ಅಡಗಿದೆಯೇ ಎಂಬುದು. ತೆಳು ಅರಿವೆಯಲ್ಲಿ ಸುತ್ತಿದ ಸಣ್ಣ ಮ್ಯಾಗ್ನೆಟ್ ಬಾಗಿಲು, ಫೆಂಡರ್‌ಗಳ ಮೇಲೆ ಎಲ್ಲೆಡೆ ಒಂದೇ ಬಿಗಿಯಲ್ಲಿ ಹಿಡಿಯಬೇಕು; ಒಂದು ಕಡೆ ಸಡಿಲ ಎನಿಸಿದರೆ ಅಲ್ಲಿ ತಗಡಿಗಿಂತ ಪುಟ್ಟಿ ಜಾಸ್ತಿ. ಬಂಪರ್ ಪ್ಲಾಸ್ಟಿಕ್, ಅಲ್ಲಿ ಮ್ಯಾಗ್ನೆಟ್ ಹಿಡಿಯದು, ಅದನ್ನು ನೋಡಿ ಗಾಬರಿ ಬೇಡ. ಕೆಲವು ಗಾಡಿಗಳ ಬಾನೆಟ್ ಅಲ್ಯುಮಿನಿಯಂ ಇರುತ್ತದೆ, ಅಲ್ಲಿಯೂ ಹಾಗೆಯೇ. ಬಾಗಿಲ ಒಳ ಅಂಚಿನ ಬಣ್ಣ ಮತ್ತು ಹೊರಗಿನ ಬಣ್ಣ ಹೊಂದುತ್ತವೆಯೇ, ರಬ್ಬರ್ ಮೇಲೆ ಬಣ್ಣದ ತುಂತುರು ಇದೆಯೇ, ಬಾನೆಟ್ ಬೋಲ್ಟ್‌ಗಳ ತಲೆಯಲ್ಲಿ ಪಾನಾ ತಾಗಿದ ಗುರುತು ಇದೆಯೇ, ಇವನ್ನು ಯಾವ ಗ್ಲೇಜೂ ಮುಚ್ಚುವುದಿಲ್ಲ.

ಮನೆಗೆ ತಂದ ಬಾಟಲಿಯನ್ನು ಡಿಕ್ಕಿಯಲ್ಲಿ ಇಟ್ಟುಕೊಂಡು ತಿರುಗಬಾರದು. ಬೇಸಿಗೆಯ ಕಾವಿಗೆ ಎಣ್ಣೆ ಮೇಲೆ, ಪುಡಿ ಕೆಳಗೆ ಆಗಿ ಒಡೆಯುತ್ತದೆ. ನೆರಳಿರುವ ಕಪಾಟಿನಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಎಷ್ಟು ಅಲುಗಿಸಿದರೂ ಕೂಡಿಕೊಳ್ಳದೆ ಮೊಸರು ಒಡೆದಂತೆ ಕಂಡರೆ ಆ ಬಾಟಲಿ ಗಾಡಿಗೆ ಹಚ್ಚುವಂತಿಲ್ಲ.